ಚಿಪ್ಪಿನಿಂದ ಗ್ಯಾಸ್ ಬರುತ್ತೆ, ನಿಜ. ಅದನ್ನು ಎಲ್ಲಿ ಉರಿಸಬೇಕು?

ಪ್ರಶ್ನೆ: ತಿಪಟೂರು ಹತ್ತಿರ ನಮ್ಮದೊಂದು ತೆಂಗಿನಕಾಯಿ ಪೌಡರ್ ಫ್ಯಾಕ್ಟರಿ ಇದೆ. ದಿನಕ್ಕೆ ಸುಮಾರು 10,000 ಕಾಯಿ ಒಡೆಯುತ್ತೇವೆ. ಡ್ರೈಯರ್‌ನ ಬಿಸಿಗಾಳಿಗೆ ಡೀಸೆಲ್ ಬರ್ನರ್ ಇದೆ. ದಿನಕ್ಕೆ 150 ಲೀಟರ್ ಕುಡಿಯುತ್ತದೆ. ಕರೆಂಟ್ ಹೋದಾಗ ಓಡಿಸಲು 62 ಕೆವಿಎ ಜನರೇಟರ್ ಇದೆ. ಚಿಪ್ಪನ್ನು ಇದ್ದಿಲು ಸುಡುವವರಿಗೆ ಮಾರುತ್ತೇವೆ. ಈಚೆಗೆ ಒಬ್ಬರು ಬಂದು, ‘ಗ್ಯಾಸಿಫೈಯರ್ ಹಾಕಿಸಿ, ಚಿಪ್ಪು, ಮಟ್ಟೆ, ಗರಿ ಏನು ಹಾಕಿದರೂ ಗ್ಯಾಸ್ ಆಗುತ್ತೆ. ಜನರೇಟರ್ ಓಡುತ್ತೆ, ಕರೆಂಟ್ ಪುಕ್ಕಟೆ. ಮಿಕ್ಕ ಗ್ಯಾಸನ್ನು ಮನೆಗೂ ಎಳೆದುಕೊಳ್ಳಬಹುದು’ ಅಂದರು. ಇದು ಗೋಬರ್ ಗ್ಯಾಸ್ ತರಹದ್ದೇನಾ? ನಂಬಬಹುದಾ?

ಉತ್ತರ: ಅರ್ಧ ನಂಬಬಹುದು. ನಿಮ್ಮ ಡ್ರೈಯರ್‌ಗೆ ಇದು ಒಳ್ಳೆಯ ದಾರಿ. ಜನರೇಟರ್‌ಗೆ ಈಗಲೇ ಬೇಡ. ಮನೆಗೆ ಖಂಡಿತ ಬೇಡ. ‘ಏನು ಹಾಕಿದರೂ’, ‘ಪುಕ್ಕಟೆ’ ಎಂಬ ಮಾತುಗಳನ್ನು ಅವರ ಕೊಟೇಶನ್‌ನಲ್ಲಿ ಬರೆದುಕೊಡಿ ಅಂತ ಕೇಳಿ ನೋಡಿ, ಬರೆಯುವುದಿಲ್ಲ.

ಮೊದಲು ಗೋಬರ್ ಗ್ಯಾಸ್ ವಿಷಯ ಮುಗಿಸೋಣ. ಗೋಬರ್ ಗ್ಯಾಸ್ ತಯಾರಿಸುವುದು ಸೂಕ್ಷ್ಮಜೀವಿಗಳು. ಅವಕ್ಕೆ ನೀರು ಬೇಕು, ಸಗಣಿಯಂಥ ಮೆತ್ತನೆಯ ಮೇವು ಬೇಕು, ವಾರಗಟ್ಟಲೆ ಸಮಯ ಬೇಕು. ಚಿಪ್ಪು, ಸೌದೆ ಅವುಗಳ ಹಲ್ಲಿಗೆ ಸಿಗುವುದಿಲ್ಲ. ಗ್ಯಾಸಿಫೈಯರ್‌ನಲ್ಲಿ ಕೆಲಸ ಮಾಡುವುದು ಶಾಖ. ಒಣಗಿದ ಕಟ್ಟಿಗೆ ಬೇಕು, ಕೆಲಸ ನಿಮಿಷಗಳದ್ದು. ಬರುವ ಗ್ಯಾಸೇ ಬೇರೆ.

ಒಂದು ಬೆಂಕಿಕಡ್ಡಿ ಗೀರಿ ನೋಡಿ. ಹಳದಿ ಜ್ವಾಲೆ ಕಡ್ಡಿಗೆ ಅಂಟಿಕೊಂಡಿರುವುದಿಲ್ಲ, ಸ್ವಲ್ಪ ದೂರದಲ್ಲಿ ಇರುತ್ತದೆ. ಅಲ್ಲಿ ಉರಿಯುತ್ತಿರುವುದು ಮರವಲ್ಲ. ಬಿಸಿಗೆ ಮರದಿಂದ ಹೊರಟ ಆವಿ, ಅನಿಲ. ಅಂದರೆ ಕಟ್ಟಿಗೆ ಉರಿಯುವಾಗಲೆಲ್ಲ ಮೊದಲು ಗ್ಯಾಸೇ ಆಗುತ್ತದೆ, ಆಮೇಲೆ ಆ ಗ್ಯಾಸ್ ಉರಿಯುತ್ತದೆ. ಒಲೆಯಲ್ಲಿ ಎರಡೂ ಒಂದೇ ಜಾಗದಲ್ಲಿ, ಒಟ್ಟೊಟ್ಟಿಗೆ ನಡೆಯುತ್ತವೆ. ಗ್ಯಾಸಿಫೈಯರ್ ಇವೆರಡನ್ನೂ ಬೇರೆ ಮಾಡುತ್ತದೆ. ಗ್ಯಾಸ್ ಇಲ್ಲಿ ಹುಟ್ಟಲಿ, ಉರಿಯುವುದು ನಾವು ಹೇಳಿದ ಕಡೆ ಆಗಲಿ ಅಂತ.

ಅದಕ್ಕಿರುವ ಉಪಾಯ ಗಾಳಿಯನ್ನು ಹಿಡಿದಿಡುವುದು. ಒಂದು ಕಿಲೋ ಒಣ ಕಟ್ಟಿಗೆ ಪೂರ್ತಿ ಉರಿಯಲು ಸುಮಾರು 6 ಕಿಲೋ ಗಾಳಿ ಬೇಕು. ಗ್ಯಾಸಿಫೈಯರ್‌ಗೆ ನಾವು ಕೊಡುವುದು ಒಂದೂವರೆ, ಹೆಚ್ಚೆಂದರೆ 1.8 ಕಿಲೋ. ಇಷ್ಟು ಗಾಳಿಗೆ ಕಟ್ಟಿಗೆಯ ಒಂದು ಪಾಲು ಮಾತ್ರ ಉರಿದು, ಒಳಗೆ ಸಾವಿರ ಡಿಗ್ರಿ ಮೇಲೆ ಬಿಸಿ ಏಳುತ್ತದೆ. ಆ ಬಿಸಿಗೆ ಮಿಕ್ಕ ಕಟ್ಟಿಗೆ ಒಣಗಿ, ಹೊಗೆಯುಗುಳಿ, ಇದ್ದಿಲಾಗುತ್ತದೆ. ಉರಿದಾಗ ಹುಟ್ಟಿದ ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿ ಈ ಕೆಂಡದ ಹಾಸಿನ ಮೂಲಕ ಹಾಯಬೇಕು. ಕೆಂಡವು ಅವುಗಳಿಂದ ಆಮ್ಲಜನಕವನ್ನು ಕಿತ್ತುಕೊಳ್ಳುತ್ತದೆ. ಡೈಆಕ್ಸೈಡ್ ಹೋಗಿ ಕಾರ್ಬನ್ ಮಾನಾಕ್ಸೈಡ್ ಆಗುತ್ತದೆ, ನೀರಾವಿ ಹೋಗಿ ಹೈಡ್ರೋಜನ್ ಆಗುತ್ತದೆ. ಎರಡೂ ಉರಿಯುವ ಅನಿಲಗಳು. ಕೆಂಡ ತಣ್ಣಗಾದರೆ ಈ ಕೆಲಸ ನಿಂತುಹೋಗುತ್ತದೆ. ಗ್ಯಾಸಿಫೈಯರ್ ಕೆಡುವ ಮುಕ್ಕಾಲು ಕಥೆಗಳು ಕೆಂಡದ ಹಾಸು ಕೆಟ್ಟ ಕಥೆಗಳೇ.

ಹೊರಗೆ ಬರುವುದನ್ನು ಪ್ರೊಡ್ಯೂಸರ್ ಗ್ಯಾಸ್ ಅನ್ನುತ್ತಾರೆ. ಒಳ್ಳೆ ಯಂತ್ರದಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇ. 18ರಿಂದ 20, ಹೈಡ್ರೋಜನ್ ಹೆಚ್ಚುಕಡಿಮೆ ಅಷ್ಟೇ, ಮೀಥೇನ್ ಒಂದೆರಡು ಭಾಗ ಇರುತ್ತದೆ. ಮಿಕ್ಕಿದ್ದು ಡೈಆಕ್ಸೈಡ್ ಮತ್ತು ನೈಟ್ರೋಜನ್. ನೈಟ್ರೋಜನ್ ಒಂದೇ ಹತ್ತಿರಹತ್ತಿರ ಅರ್ಧ. ಅದು ಗಾಳಿಯ ಜೊತೆ ಸುಮ್ನೆ ಒಳಗೆ ಬಂದು ಸುಮ್ನೆ ಹೊರಗೆ ಹೋಗುವ ಪ್ರಯಾಣಿಕ. ಹೀಗಾಗಿ ಈ ಗ್ಯಾಸ್ ತೆಳು. ಒಂದು ಘನ ಮೀಟರ್‌ನಲ್ಲಿ 4.5ರಿಂದ 5 ಮೆಗಾಜೂಲ್ ಶಕ್ತಿ ಇರುತ್ತದೆ. ಪೈಪಿನಲ್ಲಿ ಬರುವ ನೈಸರ್ಗಿಕ ಅನಿಲದಲ್ಲಿ ಇದರ ಏಳು ಪಟ್ಟು ಮೇಲಿದೆ.

ಮನೆಗೆ ಯಾಕೆ ಬೇಡ ಅಂದೆ ಅನ್ನುವುದು ಇಲ್ಲಿ ಗೊತ್ತಾಗುತ್ತದೆ. ಅಡುಗೆಮನೆಯ 14.2 ಕಿಲೋ ಸಿಲಿಂಡರ್‌ನಲ್ಲಿರುವ ಶಕ್ತಿಯನ್ನು ಈ ಗ್ಯಾಸ್ ರೂಪದಲ್ಲಿ ಕೂಡಿಡಬೇಕು ಅಂದರೆ ಸುಮಾರು 130 ಘನ ಮೀಟರ್ ಜಾಗ ಬೇಕು. 20 ಅಡಿ ಉದ್ದ, 20 ಅಡಿ ಅಗಲ, ಹನ್ನೊಂದೂವರೆ ಅಡಿ ಎತ್ತರದ ಕೋಣೆ ಅದು. ಕೂಡಿಡುವ ಮಾತೇ ಇಲ್ಲ. ಹುಟ್ಟಿದ ಕೂಡಲೇ, ಹುಟ್ಟಿದ ಜಾಗದ ಹತ್ತಿರವೇ ಉರಿಸಬೇಕು. ಜೊತೆಗೆ ಐದರಲ್ಲಿ ಒಂದು ಪಾಲು ಕಾರ್ಬನ್ ಮಾನಾಕ್ಸೈಡ್. ಬಣ್ಣವಿಲ್ಲದ, ತನ್ನದೇ ವಾಸನೆಯಿಲ್ಲದ ವಿಷ ಅದು. ಅಂಥದ್ದನ್ನು ಪೈಪ್ ಎಳೆದು ಅಡುಗೆಮನೆಗೆ ತರಬಹುದು ಎಂದವರು ಬೇರೆ ಏನು ಹೇಳಿದರೂ ಎರಡು ಸಲ ಯೋಚಿಸಿ.

ಇನ್ನು ನಿಮ್ಮ ಜನರೇಟರ್. ತಾಂತ್ರಿಕವಾಗಿ ಓಡುತ್ತೆ, ಅನುಮಾನವೇ ಇಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲ್ ಸಿಗದೆ ಯೂರೋಪಿನಲ್ಲಿ ಲಕ್ಷಾಂತರ ವಾಹನಗಳು ಸೌದೆ ಗ್ಯಾಸಿನಲ್ಲಿ ಓಡಿದವು. ನಮ್ಮ ಕಡೆಯೂ ಇದ್ದಿಲು ಬಸ್ಸುಗಳಿದ್ದವು. ಹಿಂಬದಿಯ ಡ್ರಮ್ಮಿಗೆ ಇದ್ದಿಲು ತುಂಬಿ, ತಿದಿ ತಿರುಗಿಸಿ, ಗಂಟೆಗಟ್ಟಲೆ ಕಾದು ಹೊರಡುತ್ತಿದ್ದುದನ್ನು ಹಳಬರು ಹೇಳುತ್ತಿದ್ದರು. ಅಷ್ಟು ದೂರವೂ ಹೋಗಬೇಕಿಲ್ಲ. ನಿಮ್ಮ ತುಮಕೂರು ಜಿಲ್ಲೆಯೇ ಈ ವಿಷಯದಲ್ಲಿ ದೇಶಕ್ಕೆ ಮೊದಲ ಪಾಠಶಾಲೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಲ್ಲಿ ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿಯಲ್ಲಿ ಒಂದು ಪುಟ್ಟ ಗ್ಯಾಸಿಫೈಯರ್ ಹೂಡಿದರು. ಸಾಮರ್ಥ್ಯ 3.7 ಕಿಲೋವ್ಯಾಟ್. ಕರೆಂಟ್ ಕಂಡಿರದ ಊರಿಗೆ ದೀಪ ಬಂತು, ಆಮೇಲೆ ಕುಡಿಯುವ ನೀರಿನ ಪಂಪು, ಹಿಟ್ಟಿನ ಗಿರಣಿ. ಮುಂದೆ ಅದನ್ನು 20 ಕಿಲೋವ್ಯಾಟ್‌ಗೆ ಏರಿಸಿದರು. ಕಟ್ಟಿಗೆಗೆ ಅಂತಲೇ ಊರ ಪಕ್ಕ ತೋಪು ಬೆಳೆಸಿದ್ದರು.

ಆಮೇಲೆ ದೊಡ್ಡದು ಬಂತು. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ ‘ಬೆರಿ’ ಅನ್ನುವ ಯೋಜನೆಯಡಿ ಕೊರಟಗೆರೆ ತಾಲ್ಲೂಕಿನ ಕಬ್ಬಿಗೆರೆಯಲ್ಲಿ ಒಟ್ಟು 500 ಕಿಲೋವ್ಯಾಟ್‌ನ ಘಟಕ ಎದ್ದಿತು, 2007ರಲ್ಲಿ. ಕರೆಂಟ್ ಗ್ರಿಡ್‌ಗೂ ಹೋಯಿತು. ಆದರೆ ಅದು ಎಂದೂ ಪೂರ್ಣ ಸಾಮರ್ಥ್ಯದಲ್ಲಿ ವರ್ಷವಿಡೀ ಓಡಲಿಲ್ಲ. ಒಣಗಿದ, ಒಂದೇ ಅಳತೆಗೆ ಕಡಿದ ಕಟ್ಟಿಗೆಯನ್ನು ದಿನಾ ತಪ್ಪದೆ, ಕೈಗೆಟುಕುವ ಬೆಲೆಗೆ ತರುವುದೇ ದೊಡ್ಡ ತಲೆನೋವಾಯಿತು. ಗ್ಯಾಸಿಫೈಯರ್ ಕೊಳ್ಳುವವರು ಯಂತ್ರದ ಕ್ಯಾಟಲಾಗ್ ಓದುವ ಮೊದಲು ಸೌದೆಯ ರಸೀದಿ ಓದಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಲೆಕ್ಕ ಮಾಡೋಣ. ನಿಮ್ಮದು ಡೀಸೆಲ್ ಎಂಜಿನ್. ಅದಕ್ಕೆ ಗ್ಯಾಸನ್ನು ಗಾಳಿಯ ಜೊತೆ ಕುಡಿಸಿ, ಕಿಡಿಗೆ ಬದಲು ಸ್ವಲ್ಪ ಡೀಸೆಲ್ ಕೊಟ್ಟರೆ ಶೇ. 70ರಿಂದ 80ರಷ್ಟು ಡೀಸೆಲ್ ಉಳಿಯುತ್ತದೆ. ಒಂದು ಯೂನಿಟ್‌ಗೆ ಆ ಸ್ವಲ್ಪ ಡೀಸೆಲ್ ಜೊತೆ ಸುಮಾರು ಒಂದು ಕಿಲೋ ಒಣ ಚಿಪ್ಪು ಬೇಕು. ಚಿಪ್ಪಿಗೆ ಕಿಲೋಗೆ ₹10, ಡೀಸೆಲ್‌ಗೆ ₹90 ಅಂತ ಹಿಡಿಯಿರಿ. ನಿಮ್ಮಲ್ಲಿನ ಬೆಲೆ ಬೇರೆ ಇದ್ದರೆ ತಿದ್ದಿಕೊಳ್ಳಿ. ಗ್ಯಾಸ್ ಜೊತೆ ಓಡಿಸಿದರೆ ಯೂನಿಟ್‌ಗೆ ₹17 ಆಸುಪಾಸು. ಬರೀ ಡೀಸೆಲ್‌ನಲ್ಲಿ ₹27. ಲಾಭ ಇದೆಯಲ್ಲ ಅನ್ನಿಸುತ್ತೆ, ಅಲ್ವಾ? ಆದರೆ ಬೆಸ್ಕಾಂ ಕರೆಂಟ್ ₹17ಕ್ಕಿಂತ ಎಷ್ಟೋ ಅಗ್ಗ. ಅಂದರೆ ಲಾಭ ಕರೆಂಟ್ ಹೋದ ಹೊತ್ತಿಗೆ ಮಾತ್ರ. ಕರೆಂಟ್ ಹೇಳಿ ಹೋಗುವುದಿಲ್ಲ. ಗ್ಯಾಸಿಫೈಯರ್ ಹೊತ್ತಿಸಿ, ಎಂಜಿನ್‌ಗೆ ಕೊಡಬಹುದಾದ ಗ್ಯಾಸ್ ಬರಲು ಕಾಲು ಗಂಟೆಯಿಂದ ಅರ್ಧ ಗಂಟೆ ಬೇಕು. ದಿನಕ್ಕೆ ಎರಡು ಗಂಟೆ, 30 ಕಿಲೋವ್ಯಾಟ್ ಅಂತಿಟ್ಟರೆ 60 ಯೂನಿಟ್, ಉಳಿತಾಯ ₹600. ಅದಕ್ಕೊಬ್ಬ ಆಳು, ಫಿಲ್ಟರ್ ಖರ್ಚು, ಯಂತ್ರದ ಬಡ್ಡಿ ಕಳೆದರೆ ಏನೂ ಮಿಗುವುದಿಲ್ಲ.

ಇದರ ಮೇಲೆ ಟಾರ್ ಅನ್ನುವ ಶತ್ರು ಬೇರೆ. ಕಟ್ಟಿಗೆ ಬಿಸಿಯಾದಾಗ ಹೊರಡುವ ಹೊಗೆಯಲ್ಲಿ ಅಂಟಂಟಾದ ಎಣ್ಣೆಯಂಥ ಪದಾರ್ಥಗಳಿರುತ್ತವೆ. ಬಿಸಿಯಿದ್ದಾಗ ಆವಿ, ತಣ್ಣಗಾದರೆ ಡಾಂಬರು. ಎಂಜಿನ್‌ನ ವಾಲ್ವ್‌ಗೆ ಹತ್ತಿಕೊಂಡರೆ ಎಂಜಿನ್ ಹಿಡಿದುಕೊಳ್ಳುತ್ತದೆ. ಕೆಳಗಿನಿಂದ ಗಾಳಿ ಕೊಟ್ಟು ಮೇಲಿನಿಂದ ಗ್ಯಾಸ್ ತೆಗೆಯುವ ಹಳೇ ಮಾದರಿಯಲ್ಲಿ ಈ ಹೊಗೆ ಕೆಂಡವನ್ನು ಮುಟ್ಟದೆಯೇ ಹೊರಬರುತ್ತದೆ. ಘನ ಮೀಟರ್‌ಗೆ 50 ಗ್ರಾಂ, ಕೆಲವೊಮ್ಮೆ ಇನ್ನೂ ಜಾಸ್ತಿ ಟಾರ್. ಮೇಲಿನಿಂದ ಕೆಳಕ್ಕೆ ಎಳೆಯುವ ಮಾದರಿಯಲ್ಲಿ ಹೊಗೆಯೆಲ್ಲ ಉರಿಯ ವಲಯ ಮತ್ತು ಕೆಂಡದ ಮೂಲಕವೇ ಇಳಿಯಬೇಕು. ಆ ಶಾಖಕ್ಕೆ ಟಾರ್ ಒಡೆದು ಹಗುರ ಅನಿಲವಾಗುತ್ತದೆ. ಉಳಿಯುವುದು ಒಂದು ಗ್ರಾಂ ಆಸುಪಾಸು. ವಿಜ್ಞಾನ ಸಂಸ್ಥೆಯ ಮಾದರಿಯಲ್ಲಿ ಮೇಲ್ಬಾಯಿ ತೆರೆದೇ ಇರುತ್ತದೆ. ಗಾಳಿ ಮೇಲಿನಿಂದಲೂ ಪಕ್ಕದ ನಳಿಗೆಗಳಿಂದಲೂ ಬರುತ್ತದೆ. ಇದರಿಂದ ಬಿಸಿ ವಲಯ ಉದ್ದವಾಗಿ, ಟಾರ್ ಇನ್ನೂ ಕಡಿಮೆಯಾಗುತ್ತದೆ. ಆದರೂ ಎಂಜಿನ್‌ಗೆ ಇಷ್ಟು ಸಾಲದು. ಅದು ಕೇಳುವುದು 100 ಮಿಲಿಗ್ರಾಂಗಿಂತ ಕಡಿಮೆ. ಟರ್ಬೋ ಇರುವ ಎಂಜಿನ್ ಇನ್ನೂ ಚೊಕ್ಕದ್ದು ಕೇಳುತ್ತದೆ. ಅದಕ್ಕೆ ಗ್ಯಾಸನ್ನು ಗಿರಗಿರ ಸುತ್ತಿಸಿ ಬೂದಿ ಬೇರ್ಪಡಿಸುವ ಸೈಕ್ಲೋನ್, ನೀರು ಚಿಮ್ಮಿಸಿ ಗ್ಯಾಸ್ ತೊಳೆಯುವ ಸ್ಕ್ರಬ್ಬರ್, ಮರಳು ಫಿಲ್ಟರ್, ಬಟ್ಟೆ ಫಿಲ್ಟರ್ ಹೀಗೆ ಸಾಲು ಬೆಳೆಯುತ್ತದೆ. ತೊಳೆದ ನೀರು ಕಪ್ಪಗೆ, ಫಿನಾಲ್ ಎಂಬ ವಿಷ ರಾಸಾಯನಿಕ ಸೇರಿಕೊಂಡು ನಾರುತ್ತದೆ. ಅದನ್ನು ಶುದ್ಧ ಮಾಡದೆ ತೋಟಕ್ಕೋ ಮೋರಿಗೋ ಬಿಡುವಂತಿಲ್ಲ. ಕೊಟೇಶನ್‌ನಲ್ಲಿ ಈ ನೀರಿನ ಬಗ್ಗೆ ಒಂದು ಸಾಲೂ ಇರುವುದಿಲ್ಲ, ನೋಡಿ ಬೇಕಾದರೆ.

ಡ್ರೈಯರ್‌ನಲ್ಲಿ ಈ ತಾಪತ್ರಯ ಬಹಳಷ್ಟು ತಪ್ಪುತ್ತದೆ. ಗ್ಯಾಸನ್ನು ತಣ್ಣಗೆ ಮಾಡುವ ಅಗತ್ಯವೇ ಇಲ್ಲ. ಬಿಸಿಬಿಸಿಯಾಗಿಯೇ, ಬೂದಿ ಮಾತ್ರ ಸೈಕ್ಲೋನ್‌ನಲ್ಲಿ ಕಳೆದು, ಚಿಕ್ಕ ಪೈಪಿನಲ್ಲಿ ನೇರ ಬರ್ನರ್‌ಗೆ ಬಿಟ್ಟರೆ ಅಷ್ಟಿಷ್ಟು ಟಾರ್ ಕೂಡ ಉರಿದು ಶಾಖವೇ ಆಗುತ್ತದೆ. ಒಂದು ಲೀಟರ್ ಡೀಸೆಲ್‌ಗೆ ಬದಲಾಗಿ ಮೂರೂವರೆಯಿಂದ ನಾಲ್ಕು ಕಿಲೋ ಒಣ ಸೌದೆ ಅಥವಾ ಚಿಪ್ಪು ಸಾಕು. ನಿಮ್ಮ 150 ಲೀಟರ್‌ಗೆ ದಿನಕ್ಕೆ 600 ಕಿಲೋ. ಹತ್ತು ಗಂಟೆ ಓಡಿಸುವುದಾದರೆ ಗಂಟೆಗೆ 60 ಕಿಲೋ ಸಾಮರ್ಥ್ಯದ ಯಂತ್ರ. ಇದು ದೊಡ್ಡದೇನಲ್ಲ. ಡ್ರೈಯರ್ ದಿನಾ ಓಡುವುದರಿಂದ ಯಂತ್ರವೂ ದಿನಾ ದುಡಿಯುತ್ತದೆ. ರೇಷ್ಮೆ ನೂಲು ಬಿಚ್ಚುವ ಒಲೆಗಳಿಗೆ ದೆಹಲಿಯ ಇಂಧನ ಸಂಶೋಧನಾ ಸಂಸ್ಥೆ ಟೆರಿಯವರು ಗ್ಯಾಸಿಫೈಯರ್ ರೂಪಿಸಿದ್ದೂ ಇದೇ ತರ್ಕದ ಮೇಲೆ. ಶಾಖ ಬೇಕಾದಲ್ಲಿ ಶಾಖವನ್ನೇ ಕೊಡುವುದು.

ಒಂದು ಎಚ್ಚರಿಕೆ. ನಿಮ್ಮದು ತಿನ್ನುವ ಪದಾರ್ಥ. ಉರಿದ ಗ್ಯಾಸಿನ ಹೊಗೆ ನೇರವಾಗಿ ಕೊಬ್ಬರಿ ಪುಡಿಗೆ ತಾಗಬಾರದು. ಈಗ ಡೀಸೆಲ್ ಬರ್ನರ್‌ಗೆ ಶಾಖ ವಿನಿಮಯಕ, ಅಂದರೆ ಹೀಟ್ ಎಕ್ಸ್‌ಚೇಂಜರ್ ಇದೆಯೇ ನೋಡಿಕೊಳ್ಳಿ. ಇದ್ದರೆ ಅದನ್ನೇ ಇಟ್ಟುಕೊಂಡು ಬರ್ನರ್ ಮಾತ್ರ ಬದಲಿಸಬಹುದು. ತೆಳು ಗ್ಯಾಸ್ ಆದ್ದರಿಂದ ಡೀಸೆಲ್ ಬರ್ನರ್‌ನಲ್ಲೇ ಇದನ್ನು ಉರಿಸಲು ಬರುವುದಿಲ್ಲ. ಡೀಸೆಲ್ ಬರ್ನರನ್ನು ಮಾರಿಬಿಡಬೇಡಿ. ಗ್ಯಾಸಿಫೈಯರ್ ಕೈಕೊಟ್ಟ ದಿನ ಒಡೆದ ಕಾಯಿ ಹುಳಿಯಾಗದಂತೆ ಕಾಪಾಡುವುದು ಅದೇ.

‘ಏನು ಹಾಕಿದರೂ’ ಅನ್ನುವ ಮಾತಿಗೆ ಬರೋಣ. ಚಿಪ್ಪು ಬಂಗಾರದಂಥ ಇಂಧನ. ಗಟ್ಟಿ, ಭಾರ, ಬೂದಿ ಶೇ. ಒಂದರ ಸುತ್ತಮುತ್ತ. ಒಡೆದು ಎರಡು ಮೂರು ಇಂಚಿನ ಚೂರು ಮಾಡಿ, ತೇವ ಶೇ. 15ರ ಒಳಗೆ ಇಳಿಸಿದರೆ ಚೆನ್ನಾಗಿ ನಡೆಯುತ್ತದೆ. ನಿಮ್ಮಲ್ಲಿ ಬರುವುದು ಹಸಿ ಚಿಪ್ಪು, ಅದನ್ನು ಬಿಸಿಲಿಗೆ ಹರಡಲು ಜಾಗ ಬೇಕು, ಮಳೆಗಾಲಕ್ಕೆ ಶೆಡ್ ಬೇಕು. ತೇವ ಜಾಸ್ತಿಯಾದಷ್ಟೂ ಶಾಖ ನೀರು ಆವಿ ಮಾಡುವುದರಲ್ಲೇ ಹೋಗಿ, ಕೆಂಡ ತಣ್ಣಗಾಗಿ, ಟಾರ್ ಏರುತ್ತದೆ. ಮಟ್ಟೆಯ ಕಥೆ ಬೇರೆ. ನಾರು ಒಂದಕ್ಕೊಂದು ಹೆಣೆದುಕೊಂಡು ಒಳಗೆ ಸೇತುವೆ ಕಟ್ಟುತ್ತದೆ, ಕೆಳಗೆ ಟೊಳ್ಳು ಬೀಳುತ್ತದೆ, ಗ್ಯಾಸ್ ಏಕಾಏಕಿ ಕೆಡುತ್ತದೆ. ಅದರ ಬೂದಿಯಲ್ಲಿ ಪೊಟ್ಯಾಶ್ ಜಾಸ್ತಿ. ಆ ಬೂದಿ ಬೇಗ ಕರಗಿ ಕಿಟ್ಟಗಟ್ಟಿ ಜಾಲರಿ ಮುಚ್ಚುತ್ತದೆ. ಮಟ್ಟೆಯನ್ನು ನಾರಿನ ಮಿಲ್ಲಿಗೇ ಕೊಡಿ. ಗರಿಯ ದಪ್ಪ ದಿಂಡನ್ನು ತುಂಡು ಮಾಡಿ ಒಣಗಿಸಿದರೆ ಸೌದೆ ಜೊತೆ ಸ್ವಲ್ಪ ಬೆರೆಸಬಹುದು. ಎಲೆ ಬೇಡ. ಬಳ್ಳಾರಿ ಜಾಲಿ, ಸರ್ವೆ, ನೀಲಗಿರಿ ಕೊಂಬೆಗಳು ಚೆನ್ನಾಗಿ ನಡೆಯುತ್ತವೆ.

ಈಗ ನಿಮಗೆ ಯಾರೂ ಹೇಳಿರದ ಒಂದು ಲೆಕ್ಕ. ನಾಲ್ಕು ಕಿಲೋ ಚಿಪ್ಪು ಒಂದು ಲೀಟರ್ ಡೀಸೆಲ್‌ಗೆ ಸಮ ಅಂದರೆ, ಡೀಸೆಲ್ ₹90 ಇದ್ದಾಗ ಚಿಪ್ಪಿನ ಬೆಲೆ ಕಿಲೋಗೆ ₹22 ದಾಟಿದರೆ ಚಿಪ್ಪನ್ನು ಸುಡುವುದೇ ನಷ್ಟ. ಮಾರಿ ಡೀಸೆಲ್ ಕೊಳ್ಳುವುದೇ ವಾಸಿ. ಇದ್ದಿಲಿನಿಂದ ಆಕ್ಟಿವೇಟೆಡ್ ಕಾರ್ಬನ್ (ನೀರು, ಗಾಳಿ ಸೋಸಲು ಬಳಸುವ ಇಂಗಾಲ) ಮಾಡುವ ಕಂಪನಿಗಳಿಂದ ಇದ್ದಿಲಿಗೆ ಬೇಡಿಕೆ ಏರಿದಾಗಲೆಲ್ಲ ಚಿಪ್ಪಿನ ಬೆಲೆಯೂ ಜಿಗಿಯುತ್ತದೆ, ನಿಮಗೇ ಗೊತ್ತು. ಹಾಗಾಗಿ ಯಂತ್ರವನ್ನು ಚಿಪ್ಪಿಗೆ ಮಾತ್ರ ಹೊಂದುವಂತೆ ಕೊಳ್ಳಬೇಡಿ. ಕತ್ತರಿಸಿದ ಸೌದೆಯೂ ಅದರಲ್ಲಿ ನಡೆಯಬೇಕು. ಸೌದೆ ಕಿಲೋಗೆ ₹5ಕ್ಕೆ ಸಿಕ್ಕರೆ, ಕತ್ತರಿಸುವ ಕೂಲಿ ಸೇರಿಸಿದರೂ ಒಂದು ಲೀಟರ್ ಡೀಸೆಲ್‌ನ ಕೆಲಸ ₹30ರ ಒಳಗೆ ಮುಗಿಯುತ್ತದೆ. ಚಿಪ್ಪು ಮಾರಿ, ಸೌದೆ ಕೊಳ್ಳಿ.

ಇದಕ್ಕಿಂತ ಜಾಣ ದಾರಿ ಇನ್ನೊಂದಿದೆ. ನಿಮ್ಮ ಕಡೆ ಚಿಪ್ಪಿನಿಂದ ಇದ್ದಿಲು ಮಾಡುವವರು ಗುಂಡಿಯಲ್ಲೋ ಡ್ರಮ್ಮಿನಲ್ಲೋ ಸುಡುತ್ತಾರೆ. ಹೊಗೆ ಊರಿಗೆಲ್ಲ ಹರಡಿ ಜಗಳವಾಗುವುದು ಹೊಸದೇನಲ್ಲ. 100 ಕಿಲೋ ಚಿಪ್ಪಿಗೆ ಸಿಗುವ ಇದ್ದಿಲು 25ರಿಂದ 30 ಕಿಲೋ. ಚಿಪ್ಪಿನಲ್ಲಿದ್ದ ಶಕ್ತಿಯ ಹೆಚ್ಚುಕಡಿಮೆ ಅರ್ಧ ಇದ್ದಿಲಿನಲ್ಲಿ ಉಳಿದರೆ, ಇನ್ನರ್ಧ ಆ ಹೊಗೆಯಲ್ಲೇ ಹಾರಿಹೋಗುತ್ತದೆ. ಆ ಹೊಗೆ ಉರಿಯುವ ಗ್ಯಾಸೇ. ಮುಚ್ಚಿದ ಒಲೆಯಲ್ಲಿ ಇದ್ದಿಲು ಮಾಡಿ, ಹೊಗೆಯನ್ನು ಬಿಸಿಯಿದ್ದಾಗಲೇ ಸಾಕಷ್ಟು ಗಾಳಿ ಕೊಟ್ಟು ಪೂರ್ತಿ ಉರಿಸಿದರೆ, 100 ಕಿಲೋ ಚಿಪ್ಪಿನಿಂದ 12ರಿಂದ 15 ಲೀಟರ್ ಡೀಸೆಲ್‌ನಷ್ಟು ಶಾಖ ಸಿಗುತ್ತದೆ, ಇದ್ದಿಲು ಕೈಯಲ್ಲೇ ಉಳಿಯುತ್ತದೆ. ನಿಮ್ಮಲ್ಲಿ ದಿನಕ್ಕೆ ಒಂದು ಟನ್ ಮೇಲೆ ಚಿಪ್ಪು ಬರುತ್ತದೆ. ಕಾಗದದ ಮೇಲೆ 150 ಲೀಟರ್ ಇಲ್ಲೇ ಮುಗಿಯಿತು. ಶ್ರೀಲಂಕಾದಲ್ಲಿ ಹೇಕಾರ್ಬ್ ಕಂಪನಿ ಇದ್ದಿಲು ಘಟಕದ ಹೊಗೆಯ ಶಾಖದಿಂದ ವಿದ್ಯುತ್ತನ್ನೇ ತಯಾರಿಸುತ್ತದೆ. ಡ್ರೈಯರ್‌ಗೆ ಅಷ್ಟೆಲ್ಲ ಬೇಕಿಲ್ಲ. ಮಾರಾಟಗಾರರನ್ನು ಕೇಳಿ: ಇದ್ದಿಲು ತೆಗೆದು ಗ್ಯಾಸ್ ಉರಿಸುವ ವ್ಯವಸ್ಥೆ ಇದೆಯಾ ಅಂತ. ಬಂಡವಾಳ ಜಾಸ್ತಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಬೇಕು. ಒಬ್ಬರಿಗೇ ಭಾರವಾದರೆ ಅಕ್ಕಪಕ್ಕದ ಇಬ್ಬರು ಮೂವರು ಫ್ಯಾಕ್ಟರಿಯವರು ಸೇರಿ ಯೋಚಿಸಬಹುದು.

ಏನೇ ಹಾಕಿಸಿದರೂ ವಿಷಾನಿಲದ ವಿಷಯದಲ್ಲಿ ಸಲಿಗೆ ಬೇಡ. ಗಾಳಿಯಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇ. 0.1 ಇದ್ದರೂ ಒಂದೆರಡು ಗಂಟೆಯಲ್ಲಿ ಜೀವಕ್ಕೆ ಅಪಾಯ, ಪೈಪಿನಲ್ಲಿರುವುದು ಶೇ. 20. ಯಂತ್ರ ನಾಲ್ಕೂ ಕಡೆ ತೆರೆದ ಶೆಡ್‌ನಲ್ಲಿರಲಿ. ಫ್ಯಾಕ್ಟರಿ ಕೋಣೆಯೊಳಗೆ ಬೇಡವೇ ಬೇಡ. ಕಾರ್ಬನ್ ಮಾನಾಕ್ಸೈಡ್ ಅಲಾರಂ ಹಾಕಿಸಿ, ಬ್ಯಾಟರಿ ನೋಡುವ ಕೆಲಸ ಒಬ್ಬರಿಗೆ ಒಪ್ಪಿಸಿ. ನಿಲ್ಲಿಸಿದ ಮೇಲೂ ಒಳಗೆ ಗಂಟೆಗಟ್ಟಲೆ ಗ್ಯಾಸ್ ಹುಟ್ಟುತ್ತಿರುತ್ತದೆ. ಬೂದಿ ತೆಗೆಯುವಾಗ ಒಬ್ಬರೇ ಹೋಗಬಾರದು. ಯಾರಿಗಾದರೂ ತಲೆನೋವು, ವಾಕರಿಕೆ ಅಂದರೆ ‘ಬಿಸಿಲಿಗೆ ಇರಬೇಕು’ ಅಂತ ಸುಮ್ಮನಾಗದೆ ಮೊದಲು ಹೊರಗೆ ಕರೆದುಕೊಂಡು ಬನ್ನಿ. ಬಿಸಿ ಯಂತ್ರದೊಳಗೆ ಏಕಾಏಕಿ ಗಾಳಿ ನುಗ್ಗಿದರೆ ಸಿಡಿಯುತ್ತದೆ, ಆದ್ದರಿಂದ ಬಾಗಿಲು, ನೀರಿನ ಸೀಲುಗಳನ್ನು ದಿನಾ ಪರೀಕ್ಷಿಸಬೇಕು.

ಮಾರಾಟಗಾರರಿಗೆ ಮುಂಗಡ ಕೊಡುವ ಮೊದಲು ಅವರು ಹಾಕಿಸಿದ ಯಂತ್ರ ಎರಡು ವರ್ಷದಿಂದ ಓಡುತ್ತಿರುವ ಒಂದು ಫ್ಯಾಕ್ಟರಿಗೆ ಹೋಗಿ ಬನ್ನಿ. ಮಾಲೀಕರಿಗಿಂತ ಅಲ್ಲಿ ಸೌದೆ ಹಾಕುವವರ ಹತ್ತಿರ ಮಾತಾಡಿ. ಕೊನೆಯ ಕಂತನ್ನು ತಡೆದಿಟ್ಟುಕೊಳ್ಳಿ. ನಿಮ್ಮದೇ ಸೌದೆ, ನಿಮ್ಮದೇ ಚಿಪ್ಪು ಹಾಕಿ, ನಿಮ್ಮ ಆಳೇ ಪೂರ್ತಿ ಒಂದು ಪಾಳಿ ಓಡಿಸಬೇಕು. ಎಷ್ಟು ಕಿಲೋ ಹೋಯಿತು, ಡ್ರೈಯರ್‌ನ ಬಿಸಿಗಾಳಿ ಎಷ್ಟು ಡಿಗ್ರಿಯಲ್ಲಿ ನಿಂತಿತು, ಎಷ್ಟು ಪುಡಿ ಒಣಗಿತು ಅಂತ ಗಂಟೆಗೊಮ್ಮೆ ಬರೆದಿಡಿ. ಒಂದು ಲೀಟರ್ ಡೀಸೆಲ್‌ಗೆ ನಾಲ್ಕೂವರೆ ಕಿಲೋಗಿಂತ ಜಾಸ್ತಿ ಸೌದೆ ತಿಂದರೆ ಸೌದೆ ಹಸಿ ಇದೆಯೋ ಯಂತ್ರ ಸರಿಯಿಲ್ಲವೋ ಅಂತ ಅವರೇ ಬಂದು ತೋರಿಸಲಿ, ಆಮೇಲೆ ಚೆಕ್ ಬರೆಯಿರಿ.